ಚೇಗಿನ ಕಾವಲು: ಉಷ್ಣವಲಯದ ಮರಗಳ ಕ್ವಿನೋನ್‌ಗಳು

ನಮ್ಮ ಒಣ ಕಾಡುಗಳಲ್ಲಿ ಜಗಳಗಂಟಿ ಎಂಬ ಮರವಿದೆ. ಅದರ ಕೊಂಬೆಯನ್ನು ಸೌದೆಗೆಂದು ಮನೆಗೆ ತಂದರೆ ಮನೆಮಂದಿಯ ನಡುವೆ ಜಗಳ ಹತ್ತಿಕೊಳ್ಳುತ್ತದೆ ಎಂಬ ನಂಬಿಕೆ ಹೆಸರಿನಲ್ಲೇ ಉಳಿದುಬಂದಿದೆ. ಸಸ್ಯವಿಜ್ಞಾನಿಗಳು ಇದನ್ನು ಡಯೋಸ್ಪೈರಸ್ ಮೊಂಟಾನಾ ಎನ್ನುತ್ತಾರೆ. ಕರಿಮರವೂ ಬೀಡಿ ಎಲೆಯ ಮರವೂ ಇದರ ದಾಯಾದಿಗಳು. ಇದರ ಕಾಯಿ, ಎಲೆಗಳನ್ನು ಜಜ್ಜಿ ಮಡುವಿನ ನೀರಿಗೆ ಕದಡಿ ಮೀನು ಹಿಡಿಯುವ ರೂಢಿಯೂ ಇತ್ತು. 1960ರ ದಶಕದ ಆರಂಭದಲ್ಲಿ ಭಾರತದ ರಸಾಯನ ವಿಜ್ಞಾನಿಗಳು ಇದರ ತೊಗಟೆಯಿಂದ ಕೆಂಪು ಛಾಯೆಯ ಹರಳೊಂದನ್ನು ಬೇರ್ಪಡಿಸಿ ಡಯೋಸ್ಪೈರಿನ್ ಎಂದು ಹೆಸರಿಟ್ಟರು. 1998ರಲ್ಲಿ ಕೋಲ್ಕತ್ತದ ಸಂಶೋಧಕರು, ಕಾಳಾ ಅಜಾರ್ ರೋಗದ ಪರೋಪಜೀವಿ ತನ್ನ ಡಿಎನ್‌ಎ ಸುರುಳಿ ಬಿಡಿಸಿಕೊಳ್ಳಲು ಬಳಸುವ ಕಿಣ್ವವನ್ನು ಇದೇ ಹರಳು ತಡೆಯುತ್ತದೆ ಎಂದು ತೋರಿಸಿಕೊಟ್ಟರು.

ಡಯೋಸ್ಪೈರಿನ್ ಒಂದು ಕ್ವಿನೋನ್. ತೇಗದಲ್ಲಿ, ಬೀಟೆಯಲ್ಲಿ, ದಕ್ಷಿಣ ಅಮೆರಿಕದ ಲಪಾಚೋ ಮರದಲ್ಲಿ, ಪಶ್ಚಿಮ ಆಫ್ರಿಕದ ಮ್ಯಾನ್ಸೋನಿಯಾದಲ್ಲಿ ಇದೇ ಮನೆತನದ ಬೇರೆ ಬೇರೆ ಸದಸ್ಯರಿದ್ದಾರೆ. ಇವುಗಳ ಬಗ್ಗೆ ಒಂದೂವರೆ ಶತಮಾನದಿಂದ ಅಧ್ಯಯನ ನಡೆದಿದೆ. ಮರದೊಳಗೆ ಇವು ಏನು ಮಾಡುತ್ತವೆ, ಮರದಿಂದ ಹೊರಬಂದು ಮನುಷ್ಯನ ರಕ್ತಕ್ಕೋ ಚರ್ಮಕ್ಕೋ ತಾಕಿದಾಗ ಏನಾಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಸಾಮಾನ್ಯವಾಗಿ ಬೇರೆ ಬೇರೆ ಜನ ಕೇಳುತ್ತಾರೆ: ಮೊದಲನೆಯದನ್ನು ಅರಣ್ಯ ವಿಜ್ಞಾನಿಗಳು, ಎರಡನೆಯದನ್ನು ವೈದ್ಯರು. ನನಗೆ ಇವೆರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ಗೆದ್ದಲನ್ನು ದೂರವಿಡುವ ಗುಣ, ಮಲೇರಿಯಾ ಪರೋಪಜೀವಿಯ ಉಸಿರು ಕಟ್ಟಿಸುವ ಗುಣ, ಬಡಗಿಯ ಮುಂಗೈಯಲ್ಲಿ ಗುಳ್ಳೆ ಎಬ್ಬಿಸುವ ಗುಣ ಇವೆಲ್ಲ ಒಂದೇ ಬೇರಿನಿಂದ ಬಂದವು.

ಆರು ಕಾರ್ಬನ್‌ಗಳ ಉಂಗುರ, ಅದರ ಎರಡು ಕಡೆ ಒಂದೊಂದು ಆಮ್ಲಜನಕ. ಕ್ವಿನೋನ್‌ನ ಮೂಲರೂಪ ಇಷ್ಟೇ. ಈ ಉಂಗುರಕ್ಕೆ ಎಲೆಕ್ಟ್ರಾನ್‌ಗಳ ಹಸಿವು. ಅದು ಎಲೆಕ್ಟ್ರಾನನ್ನು ಕೈಗಡದಂತೆ ಒಬ್ಬರಿಂದ ಪಡೆದು ಇನ್ನೊಬ್ಬರಿಗೆ ದಾಟಿಸಬಲ್ಲದು. ಜೀವಲೋಕ ಈ ಗುಣವನ್ನು ಬಹಳ ಹಿಂದೆಯೇ ಕೆಲಸಕ್ಕೆ ಹಚ್ಚಿಕೊಂಡಿದೆ. ಎಲೆಗಳಲ್ಲಿ ಪ್ಲಾಸ್ಟೋಕ್ವಿನೋನ್, ನಮ್ಮ ಜೀವಕೋಶಗಳ ಉಸಿರಾಟದಲ್ಲಿ ಯುಬಿಕ್ವಿನೋನ್, ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ, ಎಲ್ಲವೂ ಕ್ವಿನೋನ್‌ಗಳೇ. ಇನ್ನೊಂದು ಗುಣ ಇದಕ್ಕಿಂತ ಒರಟು. ಪ್ರೋಟೀನ್‌ಗಳಲ್ಲಿರುವ ಗಂಧಕದ ಗುಂಪುಗಳು ಎದುರಾದರೆ ಹಲವು ಕ್ವಿನೋನ್‌ಗಳು ಅವಕ್ಕೆ ಅಂಟಿಕೊಂಡುಬಿಡುತ್ತವೆ, ಮತ್ತೆ ಬಿಡುವುದಿಲ್ಲ. ಇದನ್ನು ಅರಿಯಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಗೋರಂಟಿ ಎಲೆಯಲ್ಲಿರುವ ಲಾಸೋನ್ ಒಂದು ಕ್ವಿನೋನ್. ಅಂಗೈಯ ಕೆರಾಟಿನ್ ಪ್ರೋಟೀನಿಗೆ ಅದು ಅಂಟಿಕೊಳ್ಳುವುದರಿಂದಲೇ ಮದುಮಗಳ ಕೈ ಎಷ್ಟು ತೊಳೆದರೂ ಕೆಂಪು ಬಿಡುವುದಿಲ್ಲ. ಚರ್ಮದ ಆ ಪದರವೇ ಉದುರಿದಾಗ ಮಾತ್ರ ಬಣ್ಣ ಹೋಗುತ್ತದೆ. ಈ ಲಾಸೋನ್‌ಗೆ ಐದು ಕಾರ್ಬನ್ನಿನ ಒಂದು ಬಾಲ ಜೋಡಿಸಿದರೆ ಆಗುವುದೇ ಲಪಾಚೋಲ್, ಈ ಲೇಖನದ ಮುಖ್ಯ ಪಾತ್ರ.

ಕ್ವಿನೋನ್ ಎಂಬ ಹೆಸರೂ ಮರದಿಂದಲೇ ಬಂದದ್ದು. 1838ರಲ್ಲಿ ರಷ್ಯಾದ ಅಲೆಕ್ಸಾಂಡರ್ ವೊಸ್ಕ್ರೆಸೆನ್ಸ್ಕಿ ಜರ್ಮನಿಯಲ್ಲಿ ಲೀಬಿಗ್‌ನ ಪ್ರಯೋಗಾಲಯದಲ್ಲಿ ಸಿಂಕೋನಾ ತೊಗಟೆಯ ಕ್ವಿನಿಕ್ ಆಮ್ಲವನ್ನು ಉತ್ಕರ್ಷಿಸಿ ಹಳದಿ ಹರಳುಗಳನ್ನು ಪಡೆದ. ಮಲೇರಿಯಾದ ಹಳೆಯ ಮದ್ದು ಕ್ವಿನೈನ್ ಬಂದದ್ದೂ ಇದೇ ತೊಗಟೆಯಿಂದ. ರಚನೆಯಲ್ಲಿ ಕ್ವಿನೈನ್ ಬೇರೆಯೇ ವರ್ಗದ್ದು, ಅದು ಕ್ವಿನೋನ್ ಅಲ್ಲ. ಆದರೆ ನೂರು ವರ್ಷಗಳ ಬಳಿಕ ಕ್ವಿನೈನ್ ಸಿಗದೆ ಹೋದ ಕಾಲದಲ್ಲಿ ಜಗತ್ತು ಕ್ವಿನೋನ್‌ಗಳ ಕಡೆ ತಿರುಗಬೇಕಾಯಿತು. ಆ ಕಥೆ ಮುಂದೆ ಬರುತ್ತದೆ.

ಮೊದಲು ಮರದೊಳಕ್ಕೆ ಹೋಗೋಣ. ಕಾಂಡದ ಹೊರಸುತ್ತಿನ ಬಿಳಿ ಭಾಗದಲ್ಲಿ ಜೀವಂತ ಕೋಶಗಳಿರುತ್ತವೆ. ನೀರು ಏರುವುದೂ ಪಿಷ್ಟ, ಸಕ್ಕರೆ ಕೂಡಿಡುವುದೂ ಅಲ್ಲೇ. ವರ್ಷ ಕಳೆದಂತೆ ಒಳಗಿನ ಕೋಶಗಳು ಸಾಯುವ ಹೊತ್ತು ಬರುತ್ತದೆ. ಸಾಯುವ ಮುನ್ನ ಅವು ಕೂಡಿಟ್ಟ ಸಕ್ಕರೆಯನ್ನು ಖರ್ಚು ಮಾಡಿ ಬಣ್ಣ ಬಣ್ಣದ ಸಂಯುಕ್ತಗಳನ್ನು ತಯಾರಿಸಿ ಸುತ್ತಲಿನ ಗೋಡೆಗಳಿಗೆ ತುಂಬುತ್ತವೆ. ಹೀಗೆ ಹುಟ್ಟುವುದೇ ಚೇಗು. ಸತ್ತ ಕೋಶ ತನ್ನನ್ನು ತಾನು ಕಾಯ್ದುಕೊಳ್ಳಲಾರದು. ಅದಕ್ಕೇ ಕಾವಲನ್ನು ಮೊದಲೇ ಇಟ್ಟು ಹೋಗುತ್ತದೆ. ಬಡಗಿಗಳು ಬಾಗಿಲಿಗೆ ಮರ ಆರಿಸುವಾಗ ಬಿಳಿ ಭಾಗ ಕಳೆದು ಚೇಗನ್ನೇ ಕೇಳುವುದರ ಹಿಂದೆ ಇರುವ ರಸಾಯನ ವಿಜ್ಞಾನ ಇದು. ಉಷ್ಣವಲಯದಲ್ಲಿ ಗೆದ್ದಲು, ಅಣಬೆ, ಕೊರೆಹುಳುಗಳಿಗೆ ಚಳಿಗಾಲದ ಬಿಡುವಿಲ್ಲ. ಅಲ್ಲಿನ ಗಟ್ಟಿ ಮರಗಳು ಇಷ್ಟು ಬಗೆಯ ಕಾವಲು ಬೆಳೆಸಿಕೊಂಡದ್ದು ಸಹಜವೇ.

ತೇಗದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅದು ನಮ್ಮದು. ದಾಂಡೇಲಿ, ಹಳಿಯಾಳ, ಯಲ್ಲಾಪುರ, ಕಾಕನಕೋಟೆಗಳ ತೇಗ ಹಡಗಿನಿಂದ ಹಿಡಿದು ದೇವರ ಮನೆಯ ಬಾಗಿಲವರೆಗೆ ಹೋಗಿದೆ. ತೇಗದ ಎಳೆಯ ಎಲೆಯನ್ನು ಅಂಗೈಯಲ್ಲಿ ಹೊಸಕಿ ರಕ್ತ ಬಂತೆಂದು ಹೆದರಿಸುವ ಆಟ ಆ ಕಡೆಯ ಮಕ್ಕಳಿಗೆಲ್ಲ ಗೊತ್ತು. ಚೇಗಿನಲ್ಲಿರುವ ಕ್ವಿನೋನ್‌ಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಟೆಕ್ಟೋಕ್ವಿನೋನ್, ಮೂರು ಉಂಗುರಗಳ ಆಂಥ್ರಕ್ವಿನೋನ್ ಜಾತಿಯದು. ಇದರ ಜೊತೆಗೆ ಲಪಾಚೋಲ್, ಡಿಆಕ್ಸಿಲಪಾಚೋಲ್‌ಗಳೂ ಇವೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ವಿಲ್ಹೆಲ್ಮ್ ಸ್ಯಾಂಡರ್‌ಮನ್ ಮತ್ತು ಸಂಗಡಿಗರು 1950-60ರ ದಶಕಗಳಲ್ಲಿ ಗೆದ್ದಲು ಮುಟ್ಟದ ಮರಗಳ ರಹಸ್ಯ ಹುಡುಕುತ್ತಾ ತೇಗದ ರಸಾಯನವನ್ನು ಒಂದೊಂದಾಗಿ ಬಿಡಿಸಿದರು. ಅಲ್ಲಿಂದ ಟೆಕ್ಟೋಕ್ವಿನೋನ್ ಎಂದರೆ ಗೆದ್ದಲಿನ ವೈರಿ ಎಂಬ ಮಾತು ಪಠ್ಯಪುಸ್ತಕ ಸೇರಿತು.

ಆ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ಸಾಕಾಗುವುದೂ ಇಲ್ಲ. ಈಚಿನ ಅಧ್ಯಯನಗಳು ತೇಗದ ಬಾಳಿಕೆಯನ್ನು ಒಂದೇ ಅಣುವಿನ ಹೆಗಲಿಗೆ ಹಾಕುವುದಿಲ್ಲ. ಟೋಗೋ ದೇಶದ ತೇಗದ ಮೇಲೆ ನಡೆದ ಕೆಲಸದಲ್ಲಿ ಕ್ವಿನೋನ್ ಅಲ್ಲದ ಸಂಯುಕ್ತವೊಂದಕ್ಕೂ ಅಣಬೆ ತಡೆಯುವ ಶಕ್ತಿಗೂ ನಂಟು ಕಂಡುಬಂತು. ತೇಗದಲ್ಲಿ ರಬ್ಬರಿನಂಥ ವಸ್ತುವೂ ಇದೆ. ಕೀಸುಳಿ ಹೊಡೆದಾಗ ಕೈಗೆ ತಾಗುವ ಆ ಜಿಡ್ಡು ನೀರನ್ನು ದೂರವಿಡುತ್ತದೆ. ಕ್ವಿನೋನ್‌ಗಳು ಈ ಪಡೆಯ ಮುಂದಾಳುಗಳು, ಆದರೆ ಒಂಟಿ ಸೈನಿಕರಲ್ಲ.

ಇದರಲ್ಲಿ ತೇಗ ಬೆಳೆಯುವ ರೈತರು ತಿಳಿಯಬೇಕಾದ ಸಂಗತಿಯೊಂದಿದೆ. ಚೇಗು ಒಂದೇ ದಿನ ತಯಾರಾಗುವುದಿಲ್ಲ, ಅದರ ಉದ್ದಗಲಕ್ಕೂ ಒಂದೇ ಬಲವೂ ಇರುವುದಿಲ್ಲ. ಮರ ಎಳೆಯದಿದ್ದಾಗ ಮೂಡಿದ ನಡುಭಾಗದಲ್ಲಿ ಕಾವಲು ಕಡಿಮೆ. ವಯಸ್ಸಾದ ಮೇಲೆ ಮೂಡಿದ ಚೇಗಿನ ಹೊರವಲಯದಲ್ಲಿ ಹೆಚ್ಚು. 1990ರ ದಶಕದಲ್ಲಿ ಹದಿನೈದು, ಇಪ್ಪತ್ತು ವರ್ಷಕ್ಕೆ ತೇಗ ಕಟಾವಾಗುತ್ತದೆ, ಹಾಕಿದ ಹಣ ಹತ್ತಾರು ಪಟ್ಟಾಗುತ್ತದೆ ಎಂದು ಹಲವು ಕಂಪನಿಗಳು ಜನರಿಂದ ದುಡ್ಡು ಎತ್ತಿದವು. ದುಡ್ಡಿನ ಲೆಕ್ಕ ಹಾಗಿರಲಿ, ಮರದ ಲೆಕ್ಕವೇ ಅಲ್ಲಿ ತಪ್ಪಿತ್ತು. ಇಪ್ಪತ್ತು ವರ್ಷದ ತೇಗದಲ್ಲಿ ಬಿಳಿ ಭಾಗದ ಪಾಲು ದೊಡ್ಡದು, ಚೇಗಿಗೆ ಇನ್ನೂ ಹರೆಯ. ಅಜ್ಜನ ಕಾಲದ ತೊಲೆಗೂ ಈಗಿನ ತೋಟದ ತೇಗದ ಚೌಕಟ್ಟಿಗೂ ಇರುವ ಅಂತರ ಬರೀ ನೆನಪಿನ ಮಮತೆಯಲ್ಲ, ಅಳೆದು ತೋರಿಸಬಹುದಾದ ವ್ಯತ್ಯಾಸ.

ಈಗ ಲಪಾಚೋಲ್. ಬ್ರೆಜಿಲ್‌ನಲ್ಲಿ ಇಪೆ, ಅರ್ಜೆಂಟೀನಾ, ಪರಗ್ವೆಗಳಲ್ಲಿ ಲಪಾಚೋ ಎಂದು ಕರೆಯುವ ಮರಗಳು ಬೆಂಗಳೂರಿಗರಿಗೂ ಅಪರಿಚಿತವಲ್ಲ. ಎಲೆಯೆಲ್ಲ ಉದುರಿ ಬರಿಗೊಂಬೆಯ ತುಂಬ ಗುಲಾಬಿ, ಹಳದಿ ಹೂ ಸುರಿಸಿಕೊಂಡು ನಿಲ್ಲುವ ತಬೆಬುಯಾಗಳು ಅದೇ ಬಳಗದವು. ದಶಮೂಲದಲ್ಲಿ ಬರುವ ನಮ್ಮ ಪಾದರಿ ಮರವೂ ಇದೇ ಕುಟುಂಬದ್ದು. ಅದರಲ್ಲೂ ಲಪಾಚೋಲ್ ಇದೆ. ಅಮೆಜಾನ್ ಸೀಮೆಯ ಮೂಲನಿವಾಸಿಗಳು ಈ ಮರದಿಂದ ಬಿಲ್ಲು ಮಾಡುತ್ತಿದ್ದರು, ಪೋರ್ಚುಗೀಸ್ ಭಾಷೆಯಲ್ಲಿ ಅದಕ್ಕೆ ಬಿಲ್ಲಿನ ಮರ ಎಂದೇ ಹೆಸರು. ಇದರ ಚೇಗನ್ನು ಸೀಳಿದರೆ ಸಣ್ಣ ಸಣ್ಣ ರಂಧ್ರಗಳಲ್ಲಿ ಹಳದಿ ಪುಡಿ ಕಾಣುತ್ತದೆ. ಅದು ಹೆಚ್ಚುಕಡಿಮೆ ಲಪಾಚೋಲೇ.

ಇದನ್ನು ಬೇರ್ಪಡಿಸುವ ಬಗೆ ಕಾಲೇಜಿನ ವಿದ್ಯಾರ್ಥಿಗೂ ಸಾಧ್ಯವಾಗುವಷ್ಟು ಸರಳ, ನೋಡಲು ಅಷ್ಟೇ ಸುಂದರ. ಗರಗಸದ ಹೊಟ್ಟನ್ನು ವಾಷಿಂಗ್ ಸೋಡದ ತೆಳುವಾದ ದ್ರಾವಣಕ್ಕೆ ಹಾಕಿ ಕಲಕಿದರೆ ನೀರು ಗಾಢ ಕೆಂಪಾಗುತ್ತದೆ. ಅರಿಶಿನದ ನೀರಿಗೆ ಸುಣ್ಣ ಬಿದ್ದೊಡನೆ ಆರತಿಯ ಓಕುಳಿಯಾಗುವುದನ್ನು ಕಂಡವರಿಗೆ ಈ ಬೆರಗು ಹೊಸದಲ್ಲ. ಕ್ಷಾರ ಸಿಕ್ಕಾಗ ಲಪಾಚೋಲ್ ಒಂದು ಪ್ರೋಟಾನ್ ಬಿಟ್ಟುಕೊಟ್ಟು ಕರಗುತ್ತದೆ, ಬಣ್ಣ ಬದಲಿಸುತ್ತದೆ. ಸೋಸಿದ ನೀರಿಗೆ ಆಮ್ಲ ಹಾಕಿದರೆ ಕೆಂಪು ಮಾಯವಾಗಿ ಹಳದಿ ಲಪಾಚೋಲ್ ತಳಕ್ಕಿಳಿಯುತ್ತದೆ. ಅದೇ ಹಳದಿ ಪುಡಿಯನ್ನು ಪ್ರಬಲ ಗಂಧಕಾಮ್ಲದಲ್ಲಿ ಕರಗಿಸಿ ನೀರಿಗೆ ಸುರಿದರೆ ಬಾಲ ಸುತ್ತಿಕೊಂಡು ಕಿತ್ತಳೆಗೆಂಪಿನ ಬೀಟಾ-ಲಪಾಚೋನ್ ಆಗುತ್ತದೆ.

ಇಟಲಿಯ ಎಮಾನುಯೆಲೆ ಪಾಟೆರ್ನೋ 1882ರಲ್ಲಿ ಇದರ ರಚನೆಯ ಬೆನ್ನು ಹತ್ತಿದ. ಆದರೆ ಈ ಅಣುವಿಗೆ ಜೀವ ತೇದವನು ಸ್ಯಾಮುಯೆಲ್ ಹೂಕರ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಸಕ್ಕರೆ ಕಾರ್ಖಾನೆಯಲ್ಲಿ ರಸಾಯನ ತಜ್ಞನಾಗಿದ್ದ ಈತ 1890ರ ದಶಕದಲ್ಲಿ ಲಪಾಚೋಲ್‌ನ ಸರಿಯಾದ ರಚನೆ ಬಿಡಿಸಿದ. ಸಕ್ಕರೆಯ ಕೆಲಸದಿಂದ ನಿವೃತ್ತನಾದ ಮೇಲೆ ಸ್ವಂತ ಪ್ರಯೋಗಾಲಯದಲ್ಲಿ ಮತ್ತೆ ಅದೇ ಹಳದಿ ಪುಡಿಯ ಮುಂದೆ ಕುಳಿತ. ಇಸ್ಪೀಟಿನ ಜಾದೂವಿನಲ್ಲೂ ಆತ ದೊಡ್ಡ ಹೆಸರು. 1935ರಲ್ಲಿ ತೀರಿಕೊಂಡಾಗ ಅವನ ಬಹುಪಾಲು ಕೆಲಸ ಅಚ್ಚಾಗದೆ ಉಳಿದಿತ್ತು. ಹಾರ್ವರ್ಡ್‌ನ ಲೂಯಿಸ್ ಫೀಸರ್ ಆ ಟಿಪ್ಪಣಿಗಳನ್ನು ಸಂಪಾದಿಸಿ 1936ರಲ್ಲಿ ಹೂಕರ್‌ನ ಹೆಸರಿನಲ್ಲೇ ಸರಣಿಯಾಗಿ ಪ್ರಕಟಿಸಿದ. ಸತ್ತವನ ಶ್ರಮಕ್ಕೆ ಬದುಕಿದವನು ಸಲ್ಲಿಸಿದ ಆ ಗೌರವ ನನಗೆ ವಿಜ್ಞಾನದ ಇತಿಹಾಸದಲ್ಲಿ ಬಹಳ ಹಿಡಿಸಿದ ಘಟನೆಗಳಲ್ಲಿ ಒಂದು. ಅದರ ಫಲ ಬೇಗನೆ ಸಿಕ್ಕಿತು.

1942ರಲ್ಲಿ ಜಾವಾ ದ್ವೀಪ ಜಪಾನಿನ ವಶವಾಯಿತು. ಜಗತ್ತಿನ ಕ್ವಿನೈನ್‌ನ ಬಹುಪಾಲು ಬರುತ್ತಿದ್ದುದು ಅಲ್ಲಿನ ಸಿಂಕೋನಾ ತೋಟಗಳಿಂದ. ಮಲೇರಿಯಾ ಸೀಮೆಯಲ್ಲಿ ಕಾದುತ್ತಿದ್ದ ಸೈನ್ಯಗಳಿಗೆ ಮದ್ದಿಲ್ಲದಾಯಿತು. ಅಮೆರಿಕ ಸಿಕ್ಕಸಿಕ್ಕ ರಾಸಾಯನಿಕಗಳನ್ನೆಲ್ಲ ಬಾತುಕೋಳಿ ಮಲೇರಿಯಾದ ಮೇಲೆ ಪರೀಕ್ಷಿಸತೊಡಗಿತು. ಹೂಕರ್ ಬಿಟ್ಟುಹೋಗಿದ್ದ ಸಂಯುಕ್ತಗಳೂ ಆ ಸಾಲಿಗೆ ಸೇರಿದವು. ಲಪಾಚೋಲ್‌ನಿಂದ ಒಂದೇ ಹೆಜ್ಜೆ ದೂರದ ಹೈಡ್ರೋಲಪಾಚೋಲ್ ಪರೋಪಜೀವಿಯನ್ನು ಹತ್ತಿಕ್ಕಿತು. ಫೀಸರ್‌ನ ತಂಡ ಬಾಲದ ಉದ್ದ, ಆಕಾರ ಬದಲಿಸುತ್ತಾ ನೂರಾರು ಕ್ವಿನೋನ್‌ಗಳನ್ನು ಕಟ್ಟಿತು. ಬಾತುಕೋಳಿಯಲ್ಲಿ ಗೆದ್ದವು ಮನುಷ್ಯನ ದೇಹದಲ್ಲಿ ಸೋತವು, ಯಕೃತ್ತು ಅವನ್ನು ಬೇಗ ಬೇಗ ಒಡೆದುಹಾಕುತ್ತಿತ್ತು. ಯುದ್ಧ ಮುಗಿಯಿತು, ಕ್ಲೋರೋಕ್ವಿನ್ ಬಂತು, ಕ್ವಿನೋನ್‌ಗಳು ಕಪಾಟು ಸೇರಿದವು.

ಕಪಾಟಿನಿಂದ ಅವನ್ನು ಮತ್ತೆ ಹೊರತೆಗೆದದ್ದು ಬ್ರಿಟನ್ನಿನ ವೆಲ್‌ಕಮ್ ಕಂಪನಿಯ ಸಂಶೋಧಕರು. ಯಕೃತ್ತು ಒಡೆಯಲಾರದಂಥ ಬಾಲವೊಂದನ್ನು ಹುಡುಕುವುದರಲ್ಲಿ ಅವರು ಗೆದ್ದರು. ಹಾಗೆ ಹುಟ್ಟಿದ ಅಟೊವಾಕ್ವೋನ್ 1992ರಲ್ಲಿ ಅಮೆರಿಕದಲ್ಲಿ ಏಡ್ಸ್ ರೋಗಿಗಳನ್ನು ಕಾಡುವ ಒಂದು ಬಗೆಯ ನ್ಯುಮೋನಿಯಾಕ್ಕೆ ಮದ್ದಾಗಿ ಒಪ್ಪಿಗೆ ಪಡೆಯಿತು. 2000ದಲ್ಲಿ ಪ್ರೋಗ್ವಾನಿಲ್ ಜೊತೆಗೂಡಿ ಮಲೇರಿಯಾ ಮಾತ್ರೆಯಾಯಿತು. ಅದು ಕೆಲಸ ಮಾಡುವ ಪರಿ ಕ್ವಿನೋನ್‌ಗೆ ತಕ್ಕದ್ದೇ. ಪರೋಪಜೀವಿಯ ಉಸಿರಾಟದ ಸರಪಳಿಯಲ್ಲಿ ಯುಬಿಕ್ವಿನೋನ್ ಕೂರುವ ಪೀಠವಿದೆ. ಅಟೊವಾಕ್ವೋನ್ ತದ್ರೂಪಿಯಂತೆ ಬಂದು ಆ ಪೀಠ ಹಿಡಿದು ಕೂರುತ್ತದೆ, ಎಲೆಕ್ಟ್ರಾನಿನ ಕೈಬದಲು ಅಲ್ಲಿಗೇ ನಿಲ್ಲುತ್ತದೆ. ಒಂಟಿಯಾಗಿ ಕೊಟ್ಟರೆ ಪರೋಪಜೀವಿ ಆ ಪೀಠದ ಒಂದು ಮೂಲೆಯನ್ನು ಬದಲಿಸಿಕೊಂಡು ಪಾರಾಗುತ್ತದೆ, ಆದ್ದರಿಂದಲೇ ಜೋಡಿ ಮದ್ದು.

ನಮ್ಮ ಹಳ್ಳಿಗಳಿಗೆ ಹತ್ತಿರದ ಇನ್ನೊಂದು ಕುಡಿ ಇದೇ ಬಳ್ಳಿಯಿಂದ ಒಡೆದಿದೆ. ಮಿಶ್ರತಳಿ ಹಸು ಸಾಕಿದವರಿಗೆ ಥೈಲೇರಿಯಾ ಎಂಬ ಹೆಸರು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಉಣ್ಣೆ ಕಚ್ಚಿ ಹರಡುವ ಈ ಜ್ವರದಲ್ಲಿ ಗಡ್ಡೆಗಳು ಬಾತು, ರಕ್ತ ಇಳಿದು, ಹಾಲು ಬತ್ತಿ ಹಸು ನೆಲ ಹಿಡಿಯುತ್ತದೆ. ನಾಟಿ ದನ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ; ಎಚ್‌ಎಫ್, ಜರ್ಸಿ ಮಿಶ್ರತಳಿಗಳು ಕುಸಿಯುತ್ತವೆ. ಆಗ ಪಶುವೈದ್ಯರು ಸ್ನಾಯುವಿಗೆ ಚುಚ್ಚುವ ದುಬಾರಿ ಕೆಂಪು ಔಷಧ ಬುಪಾರ್ವಾಕ್ವೋನ್. ಅದು ಅಟೊವಾಕ್ವೋನ್‌ನ ಒಡಹುಟ್ಟು, ಲಪಾಚೋಲ್‌ನ ಮೊಮ್ಮಗು. ಕೊಟ್ಟಿಗೆಯಲ್ಲಿ ಎದ್ದು ನಿಂತ ಹಸುವಿಗೂ ಅಮೆಜಾನಿನ ಮರಕ್ಕೂ ಹೀಗೊಂದು ಸಂಬಂಧವಿದೆ. ಕೆಲವು ದೇಶಗಳಲ್ಲಿ ಈ ಮದ್ದಿಗೆ ಬಗ್ಗದ ಪರೋಪಜೀವಿಗಳು ಆಗಲೇ ಕಾಣಿಸಿಕೊಂಡಿವೆ. ಉಣ್ಣೆ ಹತೋಟಿ ಬಿಟ್ಟು ಬರೀ ಸೂಜಿಯನ್ನೇ ನಂಬಿದರೆ ನಮ್ಮಲ್ಲೂ ಹಾಗಾಗಬಹುದು.

ಕ್ಯಾನ್ಸರ್ ವಿಷಯದಲ್ಲಿ ನಾನು ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಹೇಳುವುದಕ್ಕಿರುವುದು ಹೆಚ್ಚಾಗಿ ನಿರಾಸೆ. ಇಲಿಗಳ ಗೆಡ್ಡೆಗಳ ಮೇಲೆ ಲಪಾಚೋಲ್ ತೋರಿದ ಪರಿಣಾಮ ನೋಡಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1960ರ ದಶಕದ ಕೊನೆಗೆ ಅದನ್ನು ರೋಗಿಗಳಲ್ಲಿ ಪರೀಕ್ಷಿಸಿತು. ಬಾಯಿಂದ ಕೊಟ್ಟ ಮದ್ದು ರಕ್ತದಲ್ಲಿ ಬೇಕಾದ ಮಟ್ಟ ಮುಟ್ಟಲಿಲ್ಲ. ಪ್ರಮಾಣ ಏರಿಸಿದರೆ ವಾಂತಿ, ಜೊತೆಗೆ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತಿತ್ತು. ವಿಟಮಿನ್ ಕೆ ದೇಹದಲ್ಲಿ ಮರುಬಳಕೆಯಾಗುವ ದಾರಿಗೆ ಲಪಾಚೋಲ್ ಅಡ್ಡ ನಿಲ್ಲುತ್ತಿತ್ತು. 1970ರಲ್ಲಿ ಆ ಪ್ರಯತ್ನ ನಿಂತಿತು. ಬೀಟಾ-ಲಪಾಚೋನ್ ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚಿರುವ ಒಂದು ಕಿಣ್ವವನ್ನು ಬಳಸಿ ಅವನ್ನು ಒಳಗಿಂದಲೇ ಸುಡುತ್ತದೆ ಎಂಬುದು ಬಲವಾದ ಸಂಶೋಧನೆ, ಆದರೆ ಅದೂ ಒಪ್ಪಿಗೆ ಪಡೆದ ಮದ್ದಾಗಿಲ್ಲ. ಇಷ್ಟಾದರೂ ಇಪೆ ತೊಗಟೆಯ ಚಹಾ ಕ್ಯಾನ್ಸರ್ ಗುಣಪಡಿಸುತ್ತದೆಂಬ ಪ್ರಚಾರ ನಿಂತಿಲ್ಲ. ಲಪಾಚೋಲ್ ಇರುವುದು ಮುಖ್ಯವಾಗಿ ಚೇಗಿನಲ್ಲಿ, ಮಾರುವುದು ಒಳತೊಗಟೆಯನ್ನು. ಲಪಾಚೋಲ್ ಬರೀ ನೀರಿನಲ್ಲಿ ಕರಗುವುದೂ ಬಲು ಕಡಿಮೆ. ರೋಗಿಯ ಆಸೆಯನ್ನು ಹೀಗೆ ಮಾರಿಕೊಳ್ಳುವುದು ಅನ್ಯಾಯ.

ಹಾಗಾದರೆ ಮರದಿಂದ ನೇರವಾಗಿ ತೆಗೆದ ಯಾವ ಕ್ವಿನೋನ್ ಔಷಧದ ಅಂಗಡಿಗೆ ಬಂದಿದೆ? ಗಟ್ಟಿ ಮರಗಳ ಮಟ್ಟಿಗೆ ಹೇಳುವುದಾದರೆ, ಈ ಲೇಖನದಲ್ಲಿ ಹೆಸರಿಸಿದ ಯಾವುದೂ ಆಧುನಿಕ ವೈದ್ಯದಲ್ಲಿ ಒಪ್ಪಿತ ಮದ್ದಾಗಿಲ್ಲ. ಮರ ಕೊಟ್ಟದ್ದು ಒಂದು ಅಚ್ಚು. ಆ ಅಚ್ಚನ್ನು ತಿದ್ದಿ, ಬಾಲ ಬದಲಿಸಿ ಕಾರ್ಖಾನೆಯಲ್ಲಿ ಕಟ್ಟಿದ್ದು ಮದ್ದಾಯಿತು. ಆದ್ದರಿಂದ ಔಷಧಕ್ಕಾಗಿ ಇವನ್ನು ಕಡಿಯಬೇಕು ಎಂಬ ವಾದಕ್ಕೆ ಹುರುಳಿಲ್ಲ. ಇಪೆ ಕಡಿಯುತ್ತಿರುವುದೂ ಔಷಧಕ್ಕಲ್ಲ, ಸಿರಿವಂತ ದೇಶಗಳ ಹೊರಾಂಗಣ ಹಲಗೆಗೆ. ನ್ಯೂಯಾರ್ಕಿನ ಕಡಲತೀರದ ಕಾಲುದಾರಿಗಳಿಗೂ ಅದು ಹೋಗಿದೆ. ಅದರ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂದದ್ದು 2024ರ ನವೆಂಬರಿನಲ್ಲಿ.

ಬೀಟೆ ಸೇರಿದ ಡಾಲ್ಬರ್ಜಿಯಾ ಕುಲ ಪೂರ್ತಿಯಾಗಿ ಸೈಟಿಸ್ ಪಟ್ಟಿ ಸೇರಿದ್ದು 2017ರಲ್ಲಿ. ಮೈಸೂರಿನ ಬೀಟೆ ಮರದ ಕುಸುರಿ ಕೆಲಸಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಆ ಕಪ್ಪುನೇರಳೆ ಹಿನ್ನೆಲೆಯಿಲ್ಲದೆ ಅದರ ಮೇಲಿನ ಚಿತ್ರಗಳು ಅಷ್ಟು ಎದ್ದು ಕಾಣುತ್ತಿರಲಿಲ್ಲ. ಈ ಕುಲದ ರಸಾಯನದ ಬಗ್ಗೆ ದೆಹಲಿಯಲ್ಲಿ ಟಿ.ಆರ್. ಶೇಷಾದ್ರಿ ಮತ್ತವರ ಶಿಷ್ಯರು ಮಾಡಿದ ಕೆಲಸ ಭಾರತೀಯ ವಿಜ್ಞಾನದ ಹೆಮ್ಮೆ. ಇಲ್ಲಿನ ಕ್ವಿನೋನ್‌ಗಳಿಗೆ ಡಾಲ್ಬರ್ಜಿಯೋನ್ ಎಂದು ಹೆಸರು. ಇವು ಚರ್ಮದ ಪ್ರೋಟೀನಿಗೆ ಅಂಟುವುದರಲ್ಲಿ ಬಲು ಚುರುಕು. ಗೋರಂಟಿಯ ಲಾಸೋನ್ ಅಂಟುವುದು ಹೆಚ್ಚಾಗಿ ಸತ್ತ ಮೇಲ್ಪದರಕ್ಕೆ. ಇವು ಒಳಗಿನ ಜೀವಂತ ಪದರಕ್ಕೆ ಇಳಿದು ಅಂಟುತ್ತವೆ, ದೇಹದ ರಕ್ಷಣಾ ಪಡೆ ಆ ಹೊಸ ಆಕಾರವನ್ನು ಶತ್ರುವೆಂದು ನೆನಪಿಟ್ಟುಕೊಳ್ಳುತ್ತದೆ. ಮೊದಲ ಸಲ ಏನೂ ಆಗದಿರಬಹುದು. ಒಮ್ಮೆ ನೆನಪು ಮೂಡಿತೆಂದರೆ ಆಮೇಲೆ ಚಿಟಿಕೆ ಹೊಟ್ಟು ಸಾಕು, ಮುಂಗೈ, ಕುತ್ತಿಗೆ, ರೆಪ್ಪೆಗಳು ಕೆಂಪಾಗಿ ಊದಿ ಕೆರೆತ ಏಳುತ್ತದೆ. ಹ್ಯಾಂಬರ್ಗ್‌ನ ಬ್ಯೋರ್ನ್ ಹಾಸೆನ್ ಇಂಥ ಮರಗಳನ್ನೆಲ್ಲ ಪರೀಕ್ಷಿಸಿ 1981ರಲ್ಲಿ ಒಂದು ಗ್ರಂಥವನ್ನೇ ಬರೆದ. ತೇಗದಲ್ಲಿ ಈ ಕೆಲಸ ಮಾಡುವುದು ಮುಖ್ಯವಾಗಿ ಡಿಆಕ್ಸಿಲಪಾಚೋಲ್, ಮ್ಯಾನ್ಸೋನಿಯಾದಲ್ಲಿ ಮ್ಯಾನ್ಸೋನೋನ್. ಬೀಟೆಯ ಬಳೆ ತೊಟ್ಟವರಿಗೆ, ಪಿಟೀಲಿಗೆ ಗದ್ದ ಊರುವ ಭಾಗ ಬೀಟೆಯದ್ದಾಗಿದ್ದವರಿಗೆ ಅದೇ ಜಾಗದಲ್ಲಿ ಗುಳ್ಳೆ ಎದ್ದದ್ದು ವೈದ್ಯಕೀಯ ದಾಖಲೆಗಳಲ್ಲಿದೆ.

ಇಷ್ಟೆಲ್ಲ ಗೊತ್ತಿದ್ದೂ ಇದರ ಭಾರ ಹೊರುವವರ ಕಡೆ ನಮ್ಮ ಗಮನ ಹೋಗಿಲ್ಲ ಎಂಬುದೇ ನನ್ನ ನೋವು. ನಾನು ಕಂಡ ಮರಗೆಲಸದ ಕೊಠಡಿಗಳಲ್ಲಿ ಬಾಯಿಗೆ ಸುತ್ತಿಕೊಂಡ ಟವೆಲ್ಲೇ ಮುಖಗವಸು. ಸ್ಯಾಂಡ್ ಪೇಪರ್ ಹಿಡಿದು ಉಜ್ಜುವ ಹುಡುಗನ ಮೈಮೇಲೆ ಹೊಟ್ಟು ಬೆವರಿಗೆ ಅಂಟಿರುತ್ತದೆ. ಕೆರೆತ ಎದ್ದರೆ ಸೆಕೆಗುಳ್ಳೆ ಎಂದೋ ರಕ್ತ ಕೆಟ್ಟಿದೆ ಎಂದೋ ಮುಲಾಮು ಹಚ್ಚಿಕೊಳ್ಳುತ್ತಾರೆ. ಯಾವ ಮರ ಉಜ್ಜುತ್ತಿದ್ದೆ ಎಂಬ ಪ್ರಶ್ನೆಯನ್ನು ವೈದ್ಯರು ಕೇಳಿದರೆ, ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ನೋಡುವ ಪ್ಯಾಚ್ ಪರೀಕ್ಷೆ ಮಾಡಿಸಿದರೆ ಕಾರಣ ತಿಳಿಯುತ್ತದೆ. ಅಷ್ಟು ದೂರ ಹೋಗುವವರು ವಿರಳ. ಗಟ್ಟಿ ಮರದ ಹೊಟ್ಟನ್ನು ಉಸಿರಾಡುವುದು ಮೂಗಿನ ಕ್ಯಾನ್ಸರ್‌ಗೆ ಕಾರಣವಾಗುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಹೇಳಿದೆ. ಅದು ಕ್ವಿನೋನ್‌ಗಳದ್ದೇ ತಪ್ಪೆಂದು ಯಾರೂ ಸಾಬೀತು ಮಾಡಿಲ್ಲ, ಆದರೆ ಎರಡಕ್ಕೂ ಪರಿಹಾರ ಒಂದೇ: ಹೊಟ್ಟು ಏಳುವ ಜಾಗದಲ್ಲೇ ಅದನ್ನು ಎಳೆದುಕೊಳ್ಳುವ ಯಂತ್ರ, ಮುಖಕ್ಕೆ ಸರಿಯಾದ ಮಾಸ್ಕ್, ಕೆಲಸ ಮುಗಿದ ಮೇಲೆ ಮೀಯಲು ನೀರು.

ಆ ಹೊಟ್ಟಿಗೂ ಬೆಲೆ ಇದೆ ಎಂಬುದು ಈಚೆಗೆ ಮನದಟ್ಟಾಗುತ್ತಿದೆ. ತೇಗದ ಚೇಗಿನ ಪುಡಿಯಿಂದ ಸಾರ ತೆಗೆದು ಬಾಳಿಕೆಯಿಲ್ಲದ ಅಗ್ಗದ ಮರಗಳಿಗೆ ಊಡಿಸಿದರೆ ಗೆದ್ದಲಿನ ಹಾವಳಿ ಎಷ್ಟು ಕಡಿಮೆಯಾಗುತ್ತದೆ ಎಂದು ಹಲವು ದೇಶಗಳಲ್ಲಿ ಪರೀಕ್ಷಿಸಿದ್ದಾರೆ; ಫಲಿತಾಂಶಗಳು ಆಶಾದಾಯಕ. ಆರ್ಸೆನಿಕ್ ಬೆರೆತ ಹಳೆಯ ಮರರಕ್ಷಕಗಳನ್ನು ಕೈಬಿಡುತ್ತಿರುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಒಂದು ಮರವನ್ನೂ ಹೊಸದಾಗಿ ಕಡಿಯಬೇಕಿಲ್ಲ, ಸಾಮಿಲ್ಲಿನ ಹಿಂದೆ ರಾಶಿ ಬಿದ್ದದ್ದೇ ಸಾಕು. ಆದರೆ ಆ ಸಾರ ಎಂದರೆ ಚೇಗಿನಲ್ಲಿ ಹರಡಿಕೊಂಡಿದ್ದ ಕ್ವಿನೋನ್‌ಗಳೆಲ್ಲ ಒಂದೇ ಡಬ್ಬಿಯಲ್ಲಿ ಸಾಂದ್ರವಾಗಿ ಕೂಡಿದ್ದು. ಅದನ್ನು ಮೊದಲು ಕಲಕುವುದೂ ಬಳಿಯುವುದೂ ಮತ್ತೆ ಅದೇ ಹುಡುಗನ ಬರಿಗೈ. ಡಬ್ಬಿಯ ಜೊತೆ ಕೈಗವಸು ಹೋಗಬೇಕು, ಮೊದಲ ದಿನದಿಂದಲೇ.